ಬಾರ್‌ಕೋಡ್ ಬಿಟ್ಟಿ, ರಿಜಿಸ್ಟರ್ ನಮ್ಮದು

ಇಂಟರ್ನೆಟ್ಟಿನಲ್ಲಿ ಬಿಟ್ಟಿ ಸಿಗುವ ಜನರೇಟರ್‌ಗಳ ಹುಚ್ಚು ನನಗೆ ಹಿಡಿದು ಕೆಲವು ವರ್ಷಗಳಾದವು. ಒಂದು ಖಾಲಿ ಚೌಕ ಇರುತ್ತದೆ. ಏನಾದರೂ ಬರೆದು ಗುಂಡಿ ಒತ್ತಿದರೆ ಬಾರ್‌ಕೋಡ್ ಬರುತ್ತದೆ, ಕ್ಯೂಆರ್ ಕೋಡ್ ಬರುತ್ತದೆ, ಪೋಸ್ಟರ್ ಬರುತ್ತದೆ, ಪುಸ್ತಕದ ಬೆನ್ನಿಗೆ ಅಂಟಿಸುವ ಲೇಬಲ್ ಬರುತ್ತದೆ. ನಾನು ಒಂದು ಪದವಿ ಕಾಲೇಜಿನ ಲೈಬ್ರರಿಯಲ್ಲಿ ಕೆಲಸ ಮಾಡುವವಳು. ಪರೀಕ್ಷೆ ಮುಗಿದು ಹುಡುಗರೆಲ್ಲ ಊರಿಗೆ ಹೋದ ಮೇಲೂ ನಮಗೆ ಬಾಗಿಲು ಹಾಕಲು ಆಗುವುದಿಲ್ಲ. ಆಗ ಸುಮ್ನೆ ಕೂತು ಇಂಥವನ್ನು ಒತ್ತಿ ನೋಡುವುದು ಅಭ್ಯಾಸವಾಯಿತು. ಕೆಲವು ಆಟಕ್ಕೆ, ಕೆಲವು ಕೆಲಸಕ್ಕೆ. ಯಾವುದು ಆಟ, ಯಾವುದು ಕೆಲಸ ಎಂಬುದು ಎಷ್ಟೋ ಸಲ ಕೊನೆಯವರೆಗೂ ಗೊತ್ತಾಗಿಲ್ಲ.

ನನಗೆ ತುಂಬಾ ಇಷ್ಟವಾದದ್ದು ಪುಸ್ತಕದ ವಿವರ ಬರೆದು ಡ್ರಾಯರಿನಲ್ಲಿ ಜೋಡಿಸಿಡುತ್ತಿದ್ದ ಹಳೇ ಕಾಲದ ಕ್ಯಾಟಲಾಗ್ ಕಾರ್ಡಿನ ಚಿತ್ರ ಮಾಡಿಕೊಡುವ ಒಂದು ಪುಟ. ಲೇಖಕ, ಶೀರ್ಷಿಕೆ, ಕಪಾಟಿನಲ್ಲಿ ಪುಸ್ತಕದ ಜಾಗ ಹೇಳುವ ಕಾಲ್ ನಂಬರ್ ಕೊಟ್ಟರೆ ಸಾಕು. ಟೈಪ್ ಮಾಡಿದಂಥ ಅಕ್ಷರ, ಮಾಸಿದ ಬಣ್ಣ, ಕೆಳಗೆ ಕಂಬಿ ತೂರಿಸುವ ತೂತು, ಎಲ್ಲ ಬರುತ್ತದೆ. ಸುಮಾರು ಏಳೂವರೆ ಸೆಂಟಿಮೀಟರ್ ಎತ್ತರ, ಹನ್ನೆರಡೂವರೆ ಅಗಲದ ಆ ಕಾರ್ಡನ್ನು ಕೈಯಲ್ಲಿ ಬರೆದು ಕಲಿತ ಕೊನೆಯ ತಲೆಮಾರು ನಮ್ಮದೇ ಇರಬೇಕು. ಅಮೆರಿಕದ ಓಸಿಎಲ್‌ಸಿ ಸಂಸ್ಥೆ ಗ್ರಂಥಾಲಯಗಳಿಗೆ ಕಾರ್ಡು ಮುದ್ರಿಸಿ ಕಳಿಸುವುದನ್ನು 2015ರ ಅಕ್ಟೋಬರ್ 1ಕ್ಕೆ ನಿಲ್ಲಿಸಿತು. ನಮ್ಮ ಲೈಬ್ರರಿಯ ಕಾರ್ಡಿನ ಡ್ರಾಯರ್‌ಗಳಲ್ಲಿ ಈಗ ಫೆವಿಕಾಲ್ ಬಾಟಲಿ, ಸ್ಟಾಂಪ್ ಪ್ಯಾಡ್ ಇವೆ. ನಮ್ಮ ಅಟೆಂಡರ್ ನಿವೃತ್ತಿ ಆದಾಗ ಅವರ ಹೆಸರಲ್ಲಿ ಒಂದು ಕಾರ್ಡು ಮಾಡಿಸಿ ಫ್ರೇಮ್ ಹಾಕಿ ಕೊಟ್ಟೆವು. ವಿಷಯ ಶೀರ್ಷಿಕೆಗಳ ಜಾಗದಲ್ಲಿ '1. ಕೀಲಿಕೈ. 2. ಕಾಫಿ. 3. ಸದ್ದು ಮಾಡಬೇಡಿ' ಎಂದು ಬರೆದಿದ್ದೆವು. ಅವರು ಅದನ್ನು ಮನೆಯ ಹಾಲಿನಲ್ಲಿ ತೂಗುಹಾಕಿದ್ದಾರೆ.

ಇಷ್ಟೆಲ್ಲ ಖುಷಿ ಇದ್ದರೂ ಒಂದು ಇರಿಸುಮುರಿಸು ಮೊದಲಿನಿಂದ ಇತ್ತು. ಎಲ್ಲವೂ ಇಷ್ಟು ಸಲೀಸಾಗಿ, ಇಷ್ಟು ಚೆಂದವಾಗಿ ಬಂದುಬಿಡುತ್ತದಲ್ಲ, ಹಾಗಾದರೆ ನಾವು ದಿನವಿಡೀ ಮಾಡುವುದು ಏನು?

ಲೈಬ್ರರಿ ಎಂದರೆ ಬರ

ಆಗಸ್ಟ್ 12 ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್. ಆರ್. ರಂಗನಾಥನ್ ಹುಟ್ಟಿದ ದಿನ. ನಮ್ಮಲ್ಲಿ ಗ್ರಂಥಪಾಲಕರ ದಿನ ಅಂತ ಆಚರಿಸುತ್ತೇವೆ. ಪ್ರತಿ ವರ್ಷ ಅದೇ ಫೋಟೊ, ಅದೇ ಹೂವಿನ ಹಾರ, ಅವರು ಹೇಳಿದ ಗ್ರಂಥಾಲಯದ ಅದೇ ಐದು ಸೂತ್ರಗಳ ಚಾರ್ಟು. ಒಂದು ವರ್ಷ ಬೇರೆ ಏನಾದರೂ ಮಾಡೋಣ ಅಂತ ಹುಡುಗರಿಗೆ ಚೀಟಿ ಹಂಚಿದೆ. 'ಲೈಬ್ರರಿ ಎಂದಾಗ ನಿಮಗೆ ಏನು ಹೊಳೆಯುತ್ತದೆ? ಕನ್ನಡದಲ್ಲಿ ಬರೆಯಿರಿ.' ಬಂದ ಚೀಟಿಗಳನ್ನೆಲ್ಲ ಇಬ್ಬರು ಹುಡುಗಿಯರು ಕೂತು ಟೈಪ್ ಮಾಡಿದರು. ಅದನ್ನು ಒಂದು ವರ್ಡ್ ಕ್ಲೌಡ್ ಪುಟಕ್ಕೆ ಹಾಕಿದೆವು. ಜಾಸ್ತಿ ಸಲ ಬಂದ ಪದವನ್ನು ದೊಡ್ಡದಾಗಿ, ಕಡಿಮೆ ಬಂದದ್ದನ್ನು ಸಣ್ಣದಾಗಿ ತೋರಿಸುವ ಚಿತ್ರ ಅದು, ನೋಡಿರುತ್ತೀರಿ.

ಚಿತ್ರ ಬಂತು. ಹಸಿರು, ಕೇಸರಿ, ನೀಲಿ ಬಣ್ಣದಲ್ಲಿ, ಮೋಡದ ಆಕಾರದಲ್ಲಿ. ನಡುವೆ ದೊಡ್ಡದಾಗಿ 'ತಕ'. ಅದರ ಪಕ್ಕ 'ಲಯ'. ಮೇಲೆ 'ಗಳ'. ಕೆಳಗೆ ಕೆಂಪು ಬಣ್ಣದಲ್ಲಿ 'ಬರ'. ಮೂಲೆಯಲ್ಲಿ 'ಕನ' ಮತ್ತು 'ನಡ'.

ಹುಡುಗಿಯರು ಕಕ್ಕಾಬಿಕ್ಕಿ. ಆ ಹೊತ್ತಿಗೆ ಪತ್ರಿಕೆ ಓದಲು ಬಂದ ಕನ್ನಡ ಮೇಷ್ಟ್ರು ಸ್ಕ್ರೀನ್ ನೋಡಿ, "ತಕ ಇದೆ, ಲಯನೂ ಇದೆ. ಒಂದು ಧಿಮಿ ಸೇರಿಸಿಬಿಡಿ ಮೇಡಂ, ಯಕ್ಷಗಾನಕ್ಕೆ ಆಗುತ್ತೆ" ಅಂದರು. ನಾವೆಲ್ಲ ನಕ್ಕೆವು. ನಗು ನಿಂತ ಮೇಲೆ ಇದು ಹೇಗಾಯಿತು ಅಂತ ನೋಡಬೇಕಲ್ಲ. ಕಂಪ್ಯೂಟರ್ ಸೈನ್ಸ್ ವಿಭಾಗದ ಹುಡುಗಿಯೊಬ್ಬಳು ಒಂದು ಹಾಳೆ ತೆಗೆದುಕೊಂಡು 'ಪುಸ್ತಕ' ಎಂದು ಬರೆದು ಬಿಡಿಸಿ ತೋರಿಸಿದಳು. ಎಲ್ಲ ಲಿಪಿಗಳನ್ನೂ ಕಂಪ್ಯೂಟರಿಗೆ ತಿಳಿಸುವ ಸಂಕೇತ ಪಟ್ಟಿಯಾದ ಯೂನಿಕೋಡ್‌ನಲ್ಲಿ ಅದು ಪ, ಉಕಾರದ ಗುರುತು, ಸ, ಅರ್ಧಾಕ್ಷರದ ಗುರುತು, ತ, ಕ ಅಂತ ಆರು ತುಂಡು. ಇವುಗಳಲ್ಲಿ ಪ, ಸ, ತ, ಕ ಮಾತ್ರ 'ಅಕ್ಷರ'ದ ಪಟ್ಟಿಯಲ್ಲಿವೆ. ಉಕಾರ, ಅರ್ಧಾಕ್ಷರದ ಗುರುತು, ಸೊನ್ನೆ ಇವೆಲ್ಲ ಬೇರೆ ಪಟ್ಟಿಯಲ್ಲಿ, 'ಗುರುತು'ಗಳ ಪಟ್ಟಿಯಲ್ಲಿವೆ. ಈ ಪುಟದ ಹಿಂದಿರುವ ಪ್ರೋಗ್ರಾಮ್ ಅಕ್ಷರವಲ್ಲದ್ದು ಸಿಕ್ಕಿದಲ್ಲೆಲ್ಲ ಪದ ಮುಗಿಯಿತು ಅಂತ ಕತ್ತರಿಸುತ್ತದೆ. ಒಂಟಿ ಅಕ್ಷರ ಉಳಿದರೆ ಅದನ್ನು ಎಸೆಯುತ್ತದೆ. ಇಂಗ್ಲಿಷಿಗೆ ಇದು ಸರಿಯಾಗೇ ಇದೆ. ನಮ್ಮ ಪುಸ್ತಕ ಮಾತ್ರ 'ತಕ' ಆಯಿತು. ಗ್ರಂಥಾಲಯದಲ್ಲಿ ಉಳಿದದ್ದು 'ಲಯ'. ಕಥೆಗಳು, ಕವಿತೆಗಳು ಎರಡರ ಬಾಲವೂ 'ಗಳ'. ಕಾದಂಬರಿಯಿಂದ 'ಬರ' ಬಂತು.

ಇದಕ್ಕಿಂತ ಮಜಾ ಎಂದರೆ ಚಿತ್ರದಲ್ಲಿ ಇಲ್ಲದೇ ಹೋದ ಪದಗಳು. ತುಂಬಾ ಜನ 'ಜ್ಞಾನ' ಅಂತ ಬರೆದಿದ್ದರು, 'ಮೌನ', 'ಶಾಂತಿ' ಅಂತಲೂ. ಈ ಮೂರರಲ್ಲೂ ಯಾವ ಎರಡು ಅಕ್ಷರದ ನಡುವೆಯೂ ಒಂದು ಗುರುತು ಇದ್ದೇ ಇದೆ. ಹಾಗಾಗಿ ಒಂಟಿ ಅಕ್ಷರಗಳಾಗಿ ಒಡೆದು ಪೂರ್ತಿ ಕಸದ ಬುಟ್ಟಿಗೆ ಹೋದವು. ಜ್ಞಾನ, ಮೌನ, ಶಾಂತಿ ಮೂರೂ ಇಲ್ಲದ, ಬರ ಇರುವ ಲೈಬ್ರರಿ. ಅಷ್ಟೇನೂ ಸುಳ್ಳಲ್ಲ ಅಂತ ಪರೀಕ್ಷೆಯ ಹಿಂದಿನ ದಿನ ನಮ್ಮ ರೀಡಿಂಗ್ ರೂಮ್ ನೋಡಿದವರು ಹೇಳಬಹುದು.

ಆ ಹುಡುಗಿ ಸಂಜೆಯೊಳಗೆ ಬೇರೆ ದಾರಿ ಹುಡುಕಿದಳು. ಖಾಲಿ ಜಾಗ ಬಂದಲ್ಲಿ ಮಾತ್ರ ಕತ್ತರಿಸು ಎಂದು ಹೇಳಿದರೆ ಪದ ಇಡಿಯಾಗಿ ಉಳಿಯುತ್ತದೆ. ಉಳಿಯಿತು. ಆದರೆ ಚಿತ್ರ ಬರೆಯುವಾಗ ಒತ್ತಕ್ಷರ ಕೆಳಗೆ ಇಳಿಯಲಿಲ್ಲ, 'ಪುಸ್‌ತಕ' ಅಂತ ಬಂತು. ಅದಕ್ಕೆ ಇನ್ನೊಂದು ಏನೋ ಜೋಡಿಸಬೇಕಂತೆ, ಜೋಡಿಸಿದಳು. ಆಮೇಲೆ ನೋಡಿದರೆ ಪುಸ್ತಕ, ಪುಸ್ತಕದ, ಪುಸ್ತಕಕ್ಕೆ, ಪುಸ್ತಕಗಳಲ್ಲಿ ಎಲ್ಲ ಬೇರೆ ಬೇರೆ ಪದಗಳಾಗಿ ಚೂರುಚೂರಾಗಿ ಹರಡಿಕೊಂಡಿದ್ದವು. ಕನ್ನಡದಲ್ಲಿ ವಿಭಕ್ತಿ ಪದಕ್ಕೇ ಅಂಟಿಕೊಂಡಿರುತ್ತದೆ ಎಂಬುದು ಆ ಪುಟಕ್ಕೆ ಯಾರು ಹೇಳಬೇಕು? ಕೊನೆಗೆ ಎರಡೂ ಚಿತ್ರಗಳನ್ನು ಅಕ್ಕಪಕ್ಕ ನೋಟಿಸ್ ಬೋರ್ಡಿಗೆ ಹಾಕಿದೆವು. ಜನ ನಿಂತು ನೋಡಿದ್ದು ಒಡೆದ ಚಿತ್ರವನ್ನೇ.

ಅವತ್ತು ನನಗೆ ತಲೆಯಲ್ಲಿ ಉಳಿದದ್ದು ಆ ಎರಡು ಪಟ್ಟಿಗಳ ವಿಷಯ. ಯಾವುದು ಅಕ್ಷರ, ಯಾವುದು ಗುರುತು ಅಂತ ಯಾರೋ ಎಲ್ಲೋ ಕೂತು ಒಂದೊಂದನ್ನೂ ದಾಖಲೆ ಮಾಡಿ ಇಟ್ಟಿದ್ದಾರೆ. ಅದೂ ಒಂದು ರಿಜಿಸ್ಟರೇ ಅಲ್ವಾ? ಜನರೇಟರ್ ಆ ರಿಜಿಸ್ಟರನ್ನು ಎಷ್ಟು ಸರಿಯಾಗಿ ಓದಿಕೊಂಡಿದೆ ಎಂಬುದರ ಮೇಲೆ ನಮ್ಮ ಕಾದಂಬರಿ ಕಾದಂಬರಿಯಾಗಿ ಉಳಿಯುವುದು ನಿಂತಿದೆ.

ಗೆರೆಗಳ ಒಳಗೆ ಏನೂ ಇಲ್ಲ

ಬಾರ್‌ಕೋಡಿನ ಕೆಲಸ ನಿಜಕ್ಕೂ ಸುಲಭ. ಲೈಬ್ರರಿಗೆ ಬಂದ ಪ್ರತಿ ಪುಸ್ತಕಕ್ಕೂ ಕ್ರಮವಾಗಿ ಕೊಡುವ ಅಕ್ಸೆಷನ್ ನಂಬರುಗಳನ್ನು ಸಾಲಾಗಿ ಅಂಟಿಸಿದರೆ ಎ4 ಸ್ಟಿಕರ್ ಹಾಳೆಗೆ ಹೊಂದುವಂತೆ ಪಿಡಿಎಫ್ ಬರುತ್ತದೆ. ಬಾರ್‌ಕೋಡಿನ ಬಗೆಗಳಲ್ಲಿ ಕೋಡ್ 39 ತೆಗೆದುಕೊಳ್ಳಬಹುದು, ಕೋಡ್ 128 ತೆಗೆದುಕೊಳ್ಳಬಹುದು. ಕೋಡ್ 39ರಲ್ಲಿ ಇಂಗ್ಲಿಷ್ ದೊಡ್ಡಕ್ಷರ, ಅಂಕಿ, ಕೆಲವೇ ಚಿಹ್ನೆ ಮಾತ್ರ ಹಿಡಿಸುತ್ತವೆ. ಕೋಡ್ 128 ಸ್ವಲ್ಪ ಚಿಕ್ಕದಾಗಿ ಬರುತ್ತದೆ, ತಪ್ಪು ಹಿಡಿಯುವ ಒಂದು ಅಂಕಿಯನ್ನು ತಾನೇ ಸೇರಿಸಿಕೊಳ್ಳುತ್ತದೆ. ಎರಡೂ ಕಡೆ ಬಿಳಿ ಜಾಗ ಬಿಡಬೇಕು, ಪ್ರಿಂಟ್ ಹಾಕುವಾಗ ಹಾಳೆಗೆ ಹೊಂದಿಸಲು ಕುಗ್ಗಿಸಬಾರದು. ಇಷ್ಟೇ. ಕೋಹಾ ಎಂಬ ಲೈಬ್ರರಿ ಸಾಫ್ಟ್‌ವೇರ್ ಬಳಸುವವರಿಗಂತೂ ಹೊರಗೆ ಹೋಗುವುದೇ ಬೇಡ, ಅದರೊಳಗೇ ಲೇಬಲ್ ಮಾಡಿಕೊಳ್ಳಬಹುದು.

ಮೊದಲ ಹಾಳೆ ಅಂಟಿಸುತ್ತಿದ್ದಾಗ ಹೊಸ ಅಟೆಂಡರ್ ಕೇಳಿದ: "ಮೇಡಂ, ಇದನ್ನ ಸ್ಕ್ಯಾನ್ ಮಾಡಿದ್ರೆ ಪುಸ್ತಕದ ಹೆಸರು, ರೇಟು ಎಲ್ಲಾ ಬರುತ್ತಲ್ವಾ?" ಎಷ್ಟೋ ಜನ ಉಪನ್ಯಾಸಕರೂ ಹಾಗೇ ಅಂದುಕೊಂಡಿದ್ದಾರೆ. ನಾನು ನೋಟ್‌ಪ್ಯಾಡ್ ತೆರೆದು ಸ್ಕ್ಯಾನರ್ ಹಿಡಿದೆ. ನಂಬರು ಮೂಡಿತು, ಕರ್ಸರ್ ಕೆಳಗಿನ ಸಾಲಿಗೆ ಹೋಯಿತು. ಅಷ್ಟೇ. ಸ್ಕ್ಯಾನರ್ ಅಂದರೆ ಬೇಗ ಟೈಪ್ ಮಾಡುವ ಒಂದು ಕೀಬೋರ್ಡು. "ಹೆಸರು ಎಲ್ಲಿದೆ ಹಾಗಾದ್ರೆ?" ಅಂದ. ಬೀರುವಿನಲ್ಲಿದ್ದ ಅಕ್ಸೆಷನ್ ರಿಜಿಸ್ಟರ್ ತೋರಿಸಿದೆ. ದಿನಾಂಕ, ನಂಬರು, ಲೇಖಕ, ಶೀರ್ಷಿಕೆ, ಪ್ರಕಾಶಕ, ವರ್ಷ, ಪುಟ, ಬೆಲೆ, ಬಿಲ್ ನಂಬರು, ಷರಾ. ನನಗಿಂತ ಮುಂಚೆ ಇದ್ದವರ ದುಂಡು ಅಕ್ಷರ, ಅವರಿಗಿಂತ ಮುಂಚಿನವರ ನೀಲಿ ಶಾಯಿ. ಕಂಪ್ಯೂಟರಿನಲ್ಲಿ ಇರುವುದೂ ಅದನ್ನೇ ನೋಡಿ ತುಂಬಿಸಿದ್ದು. ಇದು ಇಲ್ಲದೇ ಹೋದರೆ ಆ ಗೆರೆಗಳು ಬರೀ ಗೆರೆಗಳು.

ನನ್ನ ಇರಿಸುಮುರಿಸಿಗೆ ಒಂದು ಹಿಡಿಕೆ ಸಿಕ್ಕಿದ್ದು ಇಲ್ಲಿ. ಅಂದಿನಿಂದ ಯಾವ ಜನರೇಟರ್ ನೋಡಿದರೂ ಎರಡು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಇದರ ಹಿಂದೆ ರಿಜಿಸ್ಟರ್ ಇದೆಯಾ? ಇದ್ದರೆ ಅದು ಯಾರ ಕೈಯಲ್ಲಿದೆ?

ಎರಡನೇ ಪ್ರಶ್ನೆಯ ಬೆಲೆ ಗೊತ್ತಾದದ್ದು ಇನ್ನೊಂದು ಕಾಲೇಜಿನಲ್ಲಿರುವ ಗೆಳತಿ ಫೋನ್ ಮಾಡಿದಾಗ. ಕಾಲೇಜಿಗೆ ತಪಾಸಣಾ ತಂಡ ಬರುವುದಿತ್ತು. ಈಗ ಅಂಥ ಸಮಯದಲ್ಲಿ ಕ್ಯೂಆರ್ ಕೋಡ್ ಅಂಟದ ಗೋಡೆಯೇ ಇರುವುದಿಲ್ಲ. ಅವಳು ಪ್ರತಿ ಕಪಾಟಿಗೂ ಒಂದೊಂದು ಅಂಟಿಸಿದ್ದಳು, ಸ್ಕ್ಯಾನ್ ಮಾಡಿದರೆ ಆ ವಿಷಯದ ಪುಸ್ತಕಗಳ ಪಟ್ಟಿ ತೆರೆಯುವ ಹಾಗೆ. "ಏನ್ ಹೇಳ್ಲಿ ಕಣೇ, ಅವತ್ತು ಬೆಳಗ್ಗೆ ನೋಡಿದ್ರೆ ಒಂದೂ ತೆರೀತಿಲ್ಲ. ಉಚಿತ ಅವಧಿ ಮುಗೀತು, ದುಡ್ಡು ಕಟ್ಟಿ ಅಂತ ಬರ್ತಿದೆ." ನೋಡಿದರೆ ಅವು ಡೈನಾಮಿಕ್ ಕೋಡುಗಳು. ಅಂದರೆ ಆ ಚೌಕದೊಳಗೆ ಇದ್ದದ್ದು ಅವಳ ಪಟ್ಟಿಯ ವಿಳಾಸ ಅಲ್ಲ, ಕೋಡ್ ಮಾಡಿಕೊಟ್ಟವರ ವಿಳಾಸ. ಸ್ಕ್ಯಾನ್ ಮಾಡಿದವರು ಮೊದಲು ಅವರ ಮನೆಗೆ ಹೋಗಬೇಕು, ಅವರು ಇತ್ತ ಕಳಿಸಬೇಕು. ಅವರು ಬಾಗಿಲು ಹಾಕಿಕೊಂಡರೆ ಮುಗಿಯಿತು. ಸ್ಟ್ಯಾಟಿಕ್ ಕೋಡ್ ಮಾಡಿಕೊಂಡರೆ ಈ ರಗಳೆ ಇಲ್ಲ, ವಿಳಾಸ ನೇರವಾಗಿ ಚೌಕದೊಳಗೇ ಇರುತ್ತದೆ. ಕ್ಯೂಆರ್ ಕೋಡನ್ನು ಜಪಾನಿನ ಡೆನ್ಸೊ ಕಂಪನಿ 1994ರಲ್ಲಿ ಕಾರಿನ ಬಿಡಿಭಾಗಗಳ ಲೆಕ್ಕ ಇಡಲು ಮಾಡಿದ್ದು. ಪೇಟೆಂಟ್ ಇದ್ದರೂ ಎಲ್ಲರೂ ಬಳಸಲಿ ಅಂತ ಬಿಟ್ಟರು. ಕೋಡಿಗೆ ಸಾಯುವ ದಿನಾಂಕ ಎಂಬುದೇ ಇಲ್ಲ. ಅದನ್ನು ಇಟ್ಟದ್ದು ನಡುವಿನವರು. (ಇನ್ನೊಂದು ಮಾತು. ಕನ್ನಡ ಪಠ್ಯವನ್ನೇ ಕೋಡಿಗೆ ತುಂಬಿಸುವವರು ನೆನಪಿಡಿ, ಸಾಮಾನ್ಯವಾಗಿ ನಮ್ಮ ಒಂದೊಂದು ಅಕ್ಷರಕ್ಕೂ, ಒಂದೊಂದು ಗುರುತಿಗೂ ಮೂರು ಬೈಟ್ ಬೇಕು. ಚುಕ್ಕಿಗಳು ಬೇಗ ದಟ್ಟವಾಗುತ್ತವೆ. ಸಣ್ಣದಾಗಿ ಪ್ರಿಂಟ್ ಹಾಕಿದರೆ ಹಳೇ ಫೋನು ಓದುವುದಿಲ್ಲ.)

ಮೇಷ್ಟ್ರ ಕವನ ಸಂಕಲನ

ನಮ್ಮ ಊರಿನ ನಿವೃತ್ತ ಮೇಷ್ಟ್ರೊಬ್ಬರು ಆಗಾಗ ಲೈಬ್ರರಿಗೆ ಬರುತ್ತಾರೆ. ತಾವೇ ದುಡ್ಡು ಹಾಕಿ ಕವನ ಸಂಕಲನ ತರುವ ತಯಾರಿಯಲ್ಲಿದ್ದರು. ಒಂದು ಮಧ್ಯಾಹ್ನ ಪ್ಲಾಸ್ಟಿಕ್ ಕವರಿನಿಂದ ಹುಷಾರಾಗಿ ಒಂದು ಹಾಳೆ ತೆಗೆದು ಮೇಜಿನ ಮೇಲೆ ಇಟ್ಟರು. ಹಿಂಬದಿ ರಕ್ಷಾಪುಟದ ನಮೂನೆ. ಕೆಳಗೆ ಬಲಮೂಲೆಯಲ್ಲಿ ಪುಸ್ತಕಕ್ಕೆ ಕೊಡುವ ಅಂತರರಾಷ್ಟ್ರೀಯ ಗುರುತಿನ ನಂಬರಾದ ಐಎಸ್‌ಬಿಎನ್, ಅದರ ಮೇಲೆ ಬಾರ್‌ಕೋಡ್. "ಮೊಮ್ಮಗ ಇಂಟರ್ನೆಟ್ಟಿಂದ ಮಾಡಿಕೊಟ್ಟ. ಹೇಗಿದೆ ನೋಡಿ ಮೇಡಂ" ಅಂದರು. ಮುಖದಲ್ಲಿ ಹಿಗ್ಗು.

ನೋಡಲು ಏನೂ ಕೊರತೆ ಇರಲಿಲ್ಲ. 978ರಿಂದ ಶುರು, ಆಮೇಲೆ ಭಾರತದ 81. ಪೆನ್ಸಿಲ್ ತೆಗೆದುಕೊಂಡು ಲೆಕ್ಕ ಹಾಕಿದೆ. 13 ಅಂಕಿಯ ಐಎಸ್‌ಬಿಎನ್‌ನಲ್ಲಿ ಅಂಕಿಗಳನ್ನು ಒಂದು ಬಿಟ್ಟು ಒಂದಕ್ಕೆ 1ರಿಂದ, 3ರಿಂದ ಗುಣಿಸಿ ಕೂಡಿದರೆ ಮೊತ್ತ 10ರಿಂದ ಪೂರ್ತಿ ಭಾಗವಾಗಬೇಕು. ಆಯಿತು. ಲೆಕ್ಕ ಸರಿ ಇತ್ತು. ಮೇಷ್ಟ್ರು ಗಣಿತ ಹೇಳಿಕೊಟ್ಟವರು, ನನ್ನ ಪೆನ್ಸಿಲ್ಲಿನ ಹಿಂದೆಯೇ ಕಣ್ಣು ಹಾಯಿಸಿ ತಲೆಯಾಡಿಸಿದರು. ನಾನು ಇದು ಯಾರು ಕೊಟ್ಟ ನಂಬರು ಅಂತ ಕೇಳಿದೆ. "ಅದೇ, ಆ ಸೈಟು." ಅದು ಸುಮ್ನೆ ಹೊಂದುವ ಅಂಕಿ ಹಾಕಿದೆ, ನಂಬರು ನಿಮ್ಮ ಪುಸ್ತಕದ್ದಲ್ಲ, ಬೇರೆ ಯಾವುದೋ ಪ್ರಕಾಶಕರಿಗೆ ಸೇರಿದ್ದೂ ಆಗಿರಬಹುದು ಅಂದೆ. ಅವರು ಒಪ್ಪಲಿಲ್ಲ. "ಲೆಕ್ಕ ಸರಿ ಬಂತಲ್ಲ ಮೇಡಂ? ತಾಳೆ ಆದ ಮೇಲೆ ಇನ್ನೇನು?"

"ಲಗ್ನಪತ್ರಿಕೆಯಲ್ಲಿ ತಿಥಿ, ವಾರ, ನಕ್ಷತ್ರ ಎಲ್ಲಾ ತಾಳೆ ಆದ್ರೂ ಛತ್ರದಲ್ಲಿ ನಮ್ಮ ಹೆಸರಲ್ಲಿ ಬುಕಿಂಗ್ ಇರಬೇಕಲ್ವಾ ಮೇಷ್ಟ್ರೇ" ಅಂದೆ.

ಅವರು ಸ್ವಲ್ಪ ಹೊತ್ತು ಹಾಳೆ ನೋಡಿದರು. ಆಮೇಲೆ ಜೋರಾಗಿ ನಕ್ಕು, "ಸರಿ, ಛತ್ರ ಎಲ್ಲಿದೆ ಹೇಳಿ" ಅಂದರು. ಛತ್ರ ದೆಹಲಿಯಲ್ಲಿದೆ. ರಾಜಾ ರಾಮಮೋಹನ ರಾಯ್ ಹೆಸರಿನ ರಾಷ್ಟ್ರೀಯ ಐಎಸ್‌ಬಿಎನ್ ಏಜೆನ್ಸಿ, ಕೇಂದ್ರ ಶಿಕ್ಷಣ ಸಚಿವಾಲಯದ ಕೆಳಗೆ ಬರುತ್ತದೆ. ಅರ್ಜಿ ಆನ್‌ಲೈನ್, ಶುಲ್ಕ ಇಲ್ಲ. ಅಲ್ಲೂ ಬಿಟ್ಟಿಯೇ! ಒಂದೇ ವ್ಯತ್ಯಾಸ, ಅಲ್ಲಿ ನಂಬರಿನ ಎದುರು ಮೇಷ್ಟ್ರ ಹೆಸರು, ಪುಸ್ತಕದ ಹೆಸರು ಬರೆದುಕೊಳ್ಳುತ್ತಾರೆ. ಇಬ್ಬರೂ ಕೂತು ಅರ್ಜಿ ತುಂಬಿದೆವು. ಲೇಖಕರ ಪರಿಚಯದ ಜಾಗದಲ್ಲಿ ಅವರು ಹೇಳಿದ್ದನ್ನೆಲ್ಲ ಬರೆಯಲು ಹೋಗಿದ್ದರೆ ಇನ್ನೊಂದು ಪುಸ್ತಕವೇ ಆಗುತ್ತಿತ್ತು. ನಂಬರು ಬಂದ ಮೇಲೆ ಅದಕ್ಕೆ ಬಾರ್‌ಕೋಡ್ ಮಾಡಲು ಹೋದದ್ದು ಮಾತ್ರ ಮೊಮ್ಮಗನ ಅದೇ ಸೈಟಿಗೆ. ಚಿತ್ರ ಬರೆಯುವುದರಲ್ಲಿ ಅದಕ್ಕೆ ಹೆಸರು ಇಡುವ ಹಾಗಿಲ್ಲ.

ಹೆಸರು ಮುಂದೋ ಹಿಂದೋ

ಉಲ್ಲೇಖ ಪಟ್ಟಿ ಮಾಡಿಕೊಡುವ ಸೈಟುಗಳಂತೂ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಪಂಚಪ್ರಾಣ. ಮೊದಲ ಹೆಸರು, ಕೊನೆಯ ಹೆಸರು ಅಂತ ಎರಡು ಚೌಕ ಇರುತ್ತವೆ. ನಮ್ಮ ಕಡೆ ಹೆಸರಿನ ಜೊತೆ ಇರುವುದು ಇನಿಷಿಯಲ್. ಊರಿನದ್ದು ಒಂದು, ಅಪ್ಪನದ್ದು ಒಂದು. ಕೆಲವರು ಮುಂದೆ ಬರೆಯುತ್ತಾರೆ, ಕೆಲವರು ಹಿಂದೆ. ಹಿಂದೆ ಬರೆದರೆ ಆ ಇನಿಷಿಯಲ್ಲೇ ಮನೆತನದ ಹೆಸರಾಗಿಬಿಡುತ್ತದೆ. ನನ್ನ ಹೆಸರು ಹಾಕಿದಾಗ ನಾನು 'ಆರ್' ಎಂಬ ಮನೆತನದವಳಾದೆ, ನನ್ನ ಸ್ವಂತ ಹೆಸರಲ್ಲಿ ಒಂದಕ್ಷರ ಮತ್ತು ಚುಕ್ಕಿ ಮಾತ್ರ ಉಳಿಯಿತು. ಕನ್ನಡ ಲಿಪಿಯಲ್ಲಿ ಕೊಟ್ಟರೆ 'ಶ್ರೀನಿವಾಸ' ಎಂಬುದನ್ನು 'ಶ.' ಅಂತ ಕತ್ತರಿಸುತ್ತದೆ.

ಇದನ್ನು ಸೈಟಿನ ತಪ್ಪು ಅಂತ ಬೈದು ಕೈತೊಳೆದುಕೊಳ್ಳುವಂತಿಲ್ಲ. ಕುವೆಂಪು ಅವರ ಪುಸ್ತಕಕ್ಕೆ ಕಾರ್ಡು ಬರೆಯುವಾಗ ನಾವೇ ತಲೆ ಕೆರೆದುಕೊಂಡವರು. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ. ಕುವೆಂಪು ಅಂತ ಬರೆಯಬೇಕೋ, ಪುಟ್ಟಪ್ಪ, ಕೆ. ವಿ. ಅಂತಲೋ? ಓದುಗ ಕೇಳುವುದು ಕುವೆಂಪು. ಹಳೇ ಪುಸ್ತಕದ ಮುಖಪುಟದಲ್ಲಿ ಕೆಲವು ಕಡೆ ಇನ್ನೊಂದು ಇರುತ್ತದೆ. ಮಾಸ್ತಿ ಕಥೆಗಳನ್ನು ಬರೆದದ್ದು 'ಶ್ರೀನಿವಾಸ' ಎಂಬ ಹೆಸರಲ್ಲಿ, ಬೇಂದ್ರೆ ಅಂಬಿಕಾತನಯದತ್ತರಾಗಿ. ಇದಕ್ಕೇ 'ನೋಡಿ' ಎಂಬ ಅಡ್ಡ ಸೂಚನೆಯ ಕಾರ್ಡು ಇದ್ದದ್ದು. 'ಅಂಬಿಕಾತನಯದತ್ತ. ನೋಡಿ: ಬೇಂದ್ರೆ, ದ. ರಾ.' ಎಲ್ಲಿಂದ ಬಂದವನನ್ನೂ ಒಂದೇ ಕಪಾಟಿಗೆ ತಲುಪಿಸುವ ಕೆಲಸ. ಆ ಎರಡು ಚೌಕಗಳ ನಡುವೆ ಈ ಕಾರ್ಡಿಗೆ ಜಾಗ ಇಲ್ಲ.

ಈಗ ಕೇಳಿದ್ದಕ್ಕೆಲ್ಲ ಉತ್ತರ ಕೊಡುವ ಎಐಗಳು ಬಂದಿವೆ. ಒಬ್ಬ ಹುಡುಗ ಅಂಥದ್ದರಿಂದ ಒಂದು ಪುಸ್ತಕ ಪಟ್ಟಿ ತೆಗೆದುಕೊಂಡು ಬಂದ. ಲೇಖಕ, ವರ್ಷ, ಪ್ರಕಾಶಕ, ಪುಟ, ಚುಕ್ಕಿ, ಅಲ್ಪವಿರಾಮ ಎಲ್ಲ ಅಚ್ಚುಕಟ್ಟು. ನಮ್ಮ ಕ್ಯಾಟಲಾಗಿನಲ್ಲಿ ಹುಡುಕಿದೆವು, ಬೇರೆ ಗ್ರಂಥಾಲಯಗಳ ಆನ್‌ಲೈನ್ ಕ್ಯಾಟಲಾಗಿನಲ್ಲೂ ಹುಡುಕಿದೆವು. ಕೆಲವು ಪುಸ್ತಕ ಸಿಕ್ಕವು. ಕೆಲವಕ್ಕೆ ಲೇಖಕರು ನಿಜ, ಪುಸ್ತಕ ಇಲ್ಲ. "ಇಷ್ಟು ಪರ್ಫೆಕ್ಟಾಗಿದೆಯಲ್ಲ ಮೇಡಂ" ಅಂತ ಅವನ ಬೇಸರ. ಹಳೇ ಉಲ್ಲೇಖಗಳಲ್ಲಿ ಸಾಮಾನ್ಯವಾಗಿ ಪುಸ್ತಕ ನಿಜ ಇರುತ್ತಿತ್ತು, ಚುಕ್ಕಿ ತಪ್ಪಿರುತ್ತಿತ್ತು. ನನಗೆ ಆ ತಪ್ಪೇ ವಾಸಿ.

ಶನಿವಾರದ ಲಾಟರಿ

ಇವೆಲ್ಲದರ ನಡುವೆ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಬರೀ ಅಂಕಿ ಎಸೆಯುವ ಒಂದು ಪುಟ. ರ್‍ಯಾಂಡಮ್ ಡಾಟ್ ಆರ್ಗ್. ಐರ್ಲೆಂಡಿನ ಡಬ್ಲಿನ್‌ನಲ್ಲಿ ಮ್ಯಾಡ್ಸ್ ಹಾರ್ ಎಂಬ ಕಂಪ್ಯೂಟರ್ ವಿಜ್ಞಾನಿ 1998ರಲ್ಲಿ ಶುರು ಮಾಡಿದ್ದು. ವಾತಾವರಣದ ರೇಡಿಯೊ ಗದ್ದಲದಿಂದ ಅಂಕಿ ಹುಟ್ಟಿಸುತ್ತದೆ. ಎಷ್ಟರಿಂದ ಎಷ್ಟರವರೆಗೆ ಅಂತ ಹೇಳಿದರೆ ಒಂದು ಸಂಖ್ಯೆ ಕೊಡುತ್ತದೆ. ನಾನು 1ರಿಂದ ನಮ್ಮ ಕೊನೆಯ ಅಕ್ಸೆಷನ್ ನಂಬರಿನವರೆಗೆ ಅಂತ ಕೊಟ್ಟೆ.

ಶನಿವಾರ ಮಧ್ಯಾಹ್ನ ಬಸ್ಸಿಗೆ ಕಾಯುವ ಹುಡುಗರು ಲೈಬ್ರರಿಯಲ್ಲಿ ಕೂತಿರುತ್ತಾರೆ. ಅವರಿಗೆ ಒಂದೊಂದು ನಂಬರು. ಮೊದಲು ರಿಜಿಸ್ಟರಿನಲ್ಲಿ ನೋಡಬೇಕು, ಯಾವ ಪುಸ್ತಕ ಅಂತ. ಆಮೇಲೆ ಕಪಾಟಿನಲ್ಲಿ ಹುಡುಕಿ ತರಬೇಕು. ಮೊದಲು ತಂದವರಿಗೆ ಒಂದು ಪುಸ್ತಕ ಜಾಸ್ತಿ ದಿನ ಇಟ್ಟುಕೊಳ್ಳಲು ರಿಯಾಯಿತಿ. ಮೊದಲನೇ ಶನಿವಾರವೇ ಗಲಾಟೆ. ನಮ್ಮಲ್ಲಿ ಕನ್ನಡ ಸಾಹಿತ್ಯ, ಪುಸ್ತಕಗಳನ್ನು ವಿಷಯವಾರು ಅಂಕಿಯಲ್ಲಿ ವಿಂಗಡಿಸುವ ಡ್ಯೂಯಿ ಪದ್ಧತಿಯ ಪ್ರಕಾರ 894.814ರಲ್ಲಿ ಇದೆ, ಕಾದಂಬರಿಗೆ ಕೊನೆಯಲ್ಲಿ ಒಂದು 3 ಸೇರುತ್ತದೆ. ತರಗತಿಯಲ್ಲಿ ನಾನು ಎಷ್ಟು ಹೇಳಿದರೂ ತಲೆಗೆ ಹೋಗದಿದ್ದದ್ದು ಆ ಓಡಾಟದಲ್ಲಿ ಹೋಯಿತು. ಬಿ.ಕಾಂ. ಹುಡುಗನಿಗೆ ಜೇನು ಸಾಕಣೆಯ ಹಳೇ ಪುಸ್ತಕ ಬಂತು. ಡೇಟ್ ಸ್ಲಿಪ್ಪಿನಲ್ಲಿ ಕೊನೆಯ ಮುದ್ರೆ 1991ರದ್ದು. ಅವರ ತೋಟದಲ್ಲಿ ಪೆಟ್ಟಿಗೆ ಇದೆಯಂತೆ, ಅಲ್ಲೇ ಕೂತು ಓದತೊಡಗಿದ. ಬಸ್ಸು ಹೋಯಿತು.

ಆಟದ ಜೊತೆಗೆ ನನ್ನ ಕೆಲಸವೂ ಬಯಲಿಗೆ ಬಂತು. ಒಂದು ನಂಬರಿಗೆ ಎರಡು ಪುಸ್ತಕ ಸಿಕ್ಕವು. ಒಂದು ಇತಿಹಾಸದ ಪುಸ್ತಕ ಗೃಹವಿಜ್ಞಾನದ ಕಪಾಟಿನ ಹಿಂದೆ ಬಿದ್ದಿತ್ತು. ಒಬ್ಬಳು ಅರ್ಧ ಗಂಟೆ ಹುಡುಕಿ ಸುಸ್ತಾಗಿ ಬಂದಳು. ರಿಜಿಸ್ಟರಿನಲ್ಲಿ ಷರಾ ಕಾಲಂ ನೋಡಿದರೆ 'ಗೆದ್ದಲು ಹಿಡಿದು ರದ್ದು' ಅಂತ ಹಳೇ ಶಾಯಿಯಲ್ಲಿ ಬರೆದಿತ್ತು. ಅವಳು ಆ ಕಾಲಂ ನೋಡಿರಲಿಲ್ಲ. ಡಬ್ಲಿನ್‌ನವರಿಗೆ ನಮ್ಮ ಗೆದ್ದಲು ಹೇಗೆ ಗೊತ್ತಾಗಬೇಕು! ಈಗ ರದ್ದಾದ ನಂಬರುಗಳ ಪಟ್ಟಿಯನ್ನು ಬೇರೆ ಮಾಡಿ ಮೇಜಿನ ಗಾಜಿನ ಕೆಳಗೆ ಇಟ್ಟಿದ್ದೇನೆ, ಬಂದ ನಂಬರು ಅದರಲ್ಲಿದ್ದರೆ ಇನ್ನೊಂದು ಸಲ ಒತ್ತುತ್ತೇವೆ.

ಹುಡುಗರ ಉತ್ಸಾಹ ನೋಡಿ ಪ್ರಿನ್ಸಿಪಾಲರು ಒಂದು ದಿನ ಕೇಳಿದರು, "ಇದನ್ನೇ ಸ್ಟಾಕ್ ವೆರಿಫಿಕೇಷನ್ ಅಂತ ತೋರಿಸಬಹುದಲ್ಲ ಮೇಡಂ? ರಜೆಯಲ್ಲಿ ನಿಮಗೂ ಕೆಲಸ ಉಳಿಯಿತು." ಆಸೆ ಆಯಿತು, ಸುಳ್ಳು ಹೇಳುವುದಿಲ್ಲ. ಆದರೆ ಎಲ್ಲಿ ಏನು ಕೆಟ್ಟಿರಬಹುದು ಅಂತ ಅಂದಾಜು ಮಾಡಲು ಲಾಟರಿ ಸಾಕು, ಯಾವ ಪುಸ್ತಕ ಇಲ್ಲ ಅಂತ ಸಹಿ ಹಾಕಲು ಸಾಲದು. ಏಪ್ರಿಲ್‌ನಲ್ಲಿ ಪರೀಕ್ಷೆ ಮುಗಿದ ಮೇಲೆ ನಾನು, ಹೊಸ ಅಟೆಂಡರ್, ಕೈಸ್ಕ್ಯಾನರ್ ಹಿಡಿದುಕೊಂಡು ಒಂದನೇ ನಂಬರಿನಿಂದ ಶುರು ಮಾಡುತ್ತೇವೆ. ಬಿ.ಕಾಂ. ಹುಡುಗ ಜೇನಿನ ಪುಸ್ತಕವನ್ನು ಅಷ್ಟರೊಳಗೆ ವಾಪಸ್ ಕೊಡಬೇಕು ಅಂತ ಹೇಳಿ ಕಳಿಸಿದ್ದೇನೆ.